ಉಳಿದ ಸ್ನಾಯು, ಉಳಿದ ಬಲ: ಜಿ.ಎನ್.ಇ. ಸ್ನಾಯುರೋಗದಲ್ಲಿ ಚಿತ್ರಣ ಮತ್ತು ಬಲಮಾಪನ

ಪೀಠಿಕೆ

ಅನುವಂಶೀಯ ಸ್ನಾಯುರೋಗಗಳಲ್ಲಿ ಶರೀರದ ಎಲ್ಲ ಸ್ನಾಯುಗಳೂ ಒಂದೇ ಕಾಲಕ್ಕೆ, ಒಂದೇ ಪ್ರಮಾಣದಲ್ಲಿ ಕ್ಷೀಣಿಸುವುದಿಲ್ಲ. ದೋಷವುಳ್ಳ ವಂಶವಾಹಿ ದೇಹದ ಜೀವಕೋಶಗಳಲ್ಲೆಲ್ಲ ಇರುತ್ತದೆ. ಆದರೂ ಒಂದು ಸ್ನಾಯು ಬೇಗನೆ ನಶಿಸಿದರೆ ಅದರ ಮಗ್ಗುಲಲ್ಲೇ ಇರುವ ಮತ್ತೊಂದು ಎಷ್ಟೋ ವರ್ಷ ಗಟ್ಟಿಯಾಗಿ ಉಳಿಯುತ್ತದೆ. ಈ ಹಾನಿ ಪ್ರತಿಯೊಂದು ರೋಗದಲ್ಲಿಯೂ ತನ್ನದೇ ಆದ ವಿನ್ಯಾಸವನ್ನು ಅನುಸರಿಸುತ್ತದೆ. ಯಾವ ಸ್ನಾಯು ಕ್ಷೀಣಿಸಿದೆ, ಯಾವುದು ಉಳಿದಿದೆ ಎಂಬುದನ್ನು ತಿಳಿಯುವುದು ರೋಗನಿರ್ಣಯಕ್ಕೆ ದಾರಿ ತೋರುತ್ತದೆ. ಉಳಿದದ್ದು ಎಷ್ಟು ವೇಗವಾಗಿ ಕಡಿಮೆಯಾಗುತ್ತಿದೆ ಎಂಬುದನ್ನು ಅಳೆಯುವುದು ಚಿಕಿತ್ಸೆಯ ಫಲವನ್ನು ನಿರ್ಧರಿಸಲು ಆಧಾರವಾಗುತ್ತದೆ.

ಈ ಕಾರ್ಯಕ್ಕೆ ಇಂದು ಎರಡು ಮುಖ್ಯ ಮಾರ್ಗಗಳಿವೆ. ಸ್ನಾಯುವನ್ನು ಚಿತ್ರದಲ್ಲಿ ಕಾಣುವುದು ಒಂದು. ಸ್ನಾಯು ಮಾಡಬಲ್ಲ ಕೆಲಸವನ್ನು ಬಲದ ರೂಪದಲ್ಲಿ ಅಳೆಯುವುದು ಇನ್ನೊಂದು. ಎರಡೂ ಒಂದೇ ಸಂಗತಿಯನ್ನು ಹೇಳುತ್ತವೆ ಎಂಬುದು ಸಾಮಾನ್ಯ ಗ್ರಹಿಕೆ. ವಾಸ್ತವದಲ್ಲಿ ಅವು ಹೇಳುವುದು ಎರಡು ಬೇರೆ ಸಂಗತಿಗಳನ್ನು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಜಿ.ಎನ್.ಇ. ಸ್ನಾಯುರೋಗವೆಂಬ ವಿರಳ ಕಾಯಿಲೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಚಾರವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೋಗದ ಸ್ವರೂಪ

1981ರಲ್ಲಿ ಜಪಾನಿನ ನೊನಾಕ ಮತ್ತು ಅವರ ಸಹೋದ್ಯೋಗಿಗಳು ಕೈಕಾಲುಗಳ ತುದಿಭಾಗದಿಂದ ಆರಂಭವಾಗುವ ಒಂದು ಸ್ನಾಯುರೋಗವನ್ನು ವರ್ಣಿಸಿದರು. ಸೂಕ್ಷ್ಮದರ್ಶಕದಲ್ಲಿ ರೋಗಿಗಳ ಸ್ನಾಯುತಂತುಗಳ ಒಳಗೆ ಅಂಚುಗಟ್ಟಿದ ಕುಹರಗಳು ಕಂಡುಬಂದಿದ್ದವು. 1984ರಲ್ಲಿ ಇಸ್ರೇಲಿನ ಅರ್ಗೋವ್ ಮತ್ತು ಯಾರೋಮ್ ಅವರು ಇರಾನ್ ಮೂಲದ ಯಹೂದಿ ಕುಟುಂಬಗಳಲ್ಲಿ ಇಂಥದೇ ಕಾಯಿಲೆಯನ್ನು ಗುರುತಿಸಿದರು. ತೊಡೆಯ ಮುಂಭಾಗದಲ್ಲಿ ಮಂಡಿಯನ್ನು ನೀಡಿಸುವ ದೊಡ್ಡ ಸ್ನಾಯುಸಮೂಹವಾದ ಕ್ವಾಡ್ರಿಸೆಪ್ಸ್ ಈ ರೋಗಿಗಳಲ್ಲಿ ಹಾನಿಗೊಳ್ಳದೆ ಉಳಿದಿರುವುದು ಅವರ ವಿಶೇಷ ಗಮನಕ್ಕೆ ಬಂದಿತ್ತು. ಎರಡು ದೇಶಗಳಲ್ಲಿ ಎರಡು ಹೆಸರಿನಿಂದ ಕರೆಯಲಾಗುತ್ತಿದ್ದ ಈ ಕಾಯಿಲೆಗಳು ವಾಸ್ತವವಾಗಿ ಒಂದೇ ಎಂಬುದು, 2001ರಲ್ಲಿ ಜೆರುಸಲೇಮಿನ ಸಂಶೋಧಕರು ಕಾರಣವಾದ ವಂಶವಾಹಿಯನ್ನು ಪತ್ತೆಹಚ್ಚಿದ ಬಳಿಕ ಸ್ಪಷ್ಟವಾಯಿತು. ಆ ವಂಶವಾಹಿಯ ಹೆಸರೇ ಇಂದು ರೋಗದ ಹೆಸರಾಗಿದೆ.

ಒಂಬತ್ತನೆಯ ವರ್ಣತಂತುವಿನಲ್ಲಿರುವ ಈ ವಂಶವಾಹಿಯು ಸಿಯಾಲಿಕ್ ಆಮ್ಲದ ತಯಾರಿಕೆಯ ಮೊದಲ ಎರಡು ಹಂತಗಳನ್ನು ನಡೆಸುವ ಕಿಣ್ವವನ್ನು ರೂಪಿಸುತ್ತದೆ. ಸಿಯಾಲಿಕ್ ಆಮ್ಲವು ಜೀವಕೋಶಗಳ ಹೊರಮೈಯಲ್ಲಿರುವ ಪ್ರೋಟೀನು ಮತ್ತು ಕೊಬ್ಬುಗಳ ತುದಿಗೆ ಜೋಡಿಸಲ್ಪಡುವ ಒಂದು ಸಕ್ಕರೆ. ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬಂದಾಗ ಮಾತ್ರ ರೋಗ ತಲೆದೋರುತ್ತದೆ. ಒಂದೇ ಪ್ರತಿಯುಳ್ಳವರು ವಾಹಕರಾಗಿದ್ದು ಆರೋಗ್ಯದಿಂದಿರುತ್ತಾರೆ. ಜನಸಮುದಾಯಗಳಿಗೆ ಅನುಗುಣವಾಗಿ ಉತ್ಪರಿವರ್ತನೆಗಳೂ ಬೇರೆಬೇರೆಯಾಗಿವೆ. ಭಾರತೀಯ ರೋಗಿಗಳಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಪದೇ ಪದೇ ಕಂಡುಬರುತ್ತದೆ: ಪ್ರೋಟೀನಿನ 727ನೆಯ ಸ್ಥಾನದಲ್ಲಿ ವ್ಯಾಲೀನ್ ಎಂಬ ಅಮೈನೋ ಆಮ್ಲದ ಬದಲಿಗೆ ಮೆಥಿಯೊನೀನ್ ಸೇರಿಕೊಳ್ಳುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರವಿಜ್ಞಾನಿಗಳು ಭಾರತೀಯ ರೋಗಿಗಳ ಲಕ್ಷಣಗಳನ್ನು ಅಧ್ಯಯನ ಮಾಡಿ ಪ್ರಕಟಿಸಿರುವುದರಿಂದ, ವಿರಳವಾದರೂ ಇದು ಕರ್ನಾಟಕದ ವೈದ್ಯಕೀಯಕ್ಕೆ ಅಪರಿಚಿತ ರೋಗವಲ್ಲ.

ರೋಗಲಕ್ಷಣಗಳು ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಆರಂಭವಾಗುತ್ತವೆ. ಪಾದವನ್ನು ಮೇಲೆತ್ತುವ ಸ್ನಾಯು ಮೊದಲು ಸೋಲುತ್ತದೆ. ನಡೆಯುವಾಗ ಪಾದ ಜೋತುಬೀಳುತ್ತದೆ. ಚಪ್ಪಲಿ ಕಾಲಿನಿಂದ ಜಾರುತ್ತದೆ. ಹೊಸ್ತಿಲು, ಮೆಟ್ಟಿಲುಗಳ ಅಂಚು ಬೆರಳಿಗೆ ತಾಗುತ್ತದೆ. ಇದನ್ನು ಬೆನ್ನುಹುರಿಯ ತಟ್ಟೆ ಜಾರಿದ್ದರಿಂದಲೋ, ಮಂಡಿಯ ಪಕ್ಕದ ನರ ಅಮುಕಿದ್ದರಿಂದಲೋ ಆದ ತೊಂದರೆಯೆಂದು ಭಾವಿಸುವ ಸಾಧ್ಯತೆ ಹೆಚ್ಚು. ರಕ್ತದಲ್ಲಿ ಸ್ನಾಯುಹಾನಿಯನ್ನು ಸೂಚಿಸುವ ಕ್ರಿಯಾಟಿನ್ ಕೈನೇಸ್ ಕಿಣ್ವದ ಮಟ್ಟವೂ ಈ ರೋಗದಲ್ಲಿ ಸಹಜವಾಗಿರಬಹುದು, ಅಥವಾ ಸ್ವಲ್ಪ ಮಾತ್ರ ಏರಿರಬಹುದು. ಹೀಗಾಗಿ ಸರಿಯಾದ ನಿರ್ಣಯ ತಲುಪುವ ವೇಳೆಗೆ ವರ್ಷಗಳೇ ಕಳೆದಿರುತ್ತವೆ. ಕಾಲಕ್ರಮದಲ್ಲಿ ತೊಡೆಯ ಹಿಂಭಾಗ, ಸೊಂಟ, ಕೈಬೆರಳು ಮತ್ತು ಭುಜಗಳ ಸ್ನಾಯುಗಳು ದುರ್ಬಲಗೊಳ್ಳುತ್ತವೆ. ಆರಂಭದಿಂದ ಒಂದೆರಡು ದಶಕಗಳಲ್ಲಿ ಅನೇಕರು ಗಾಲಿಕುರ್ಚಿಯನ್ನು ಅವಲಂಬಿಸಬೇಕಾಗುತ್ತದೆ.

ಕೈಯಿಂದ ಬಲಪರೀಕ್ಷೆ

ವೈದ್ಯನು ರೋಗಿಯ ಅಂಗವನ್ನು ಕೈಯಿಂದ ಒತ್ತಿ, ರೋಗಿ ಅದಕ್ಕೆ ಎದುರಾಗಿ ಎಷ್ಟು ತಡೆಯಬಲ್ಲನೆಂದು ನೋಡುವುದು ಬಲಪರೀಕ್ಷೆಯ ಅತ್ಯಂತ ಹಳೆಯ ಕ್ರಮ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ನರಗಳಿಗೆ ಗಾಯವಾದ ಸೈನಿಕರ ಪರೀಕ್ಷೆಗಾಗಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಪ್ರಚಾರಕ್ಕೆ ತಂದ ಸೊನ್ನೆಯಿಂದ ಐದರವರೆಗಿನ ಶ್ರೇಣಿ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಸ್ನಾಯು ಸ್ವಲ್ಪವೂ ಮಿಡಿಯದಿದ್ದರೆ ಸೊನ್ನೆ. ಚಲನೆಯಿಲ್ಲದೆ ಬರಿಯ ಮಿಡಿತ ಕಂಡರೆ ಒಂದು. ಭೂಮಿಯ ಸೆಳೆತವನ್ನು ತಪ್ಪಿಸಿದಾಗ ಮಾತ್ರ ಚಲಿಸಿದರೆ ಎರಡು. ಸೆಳೆತಕ್ಕೆ ವಿರುದ್ಧವಾಗಿ ಎತ್ತಬಲ್ಲದಾದರೆ ಮೂರು. ಸ್ವಲ್ಪ ತಡೆಯನ್ನೂ ಎದುರಿಸಬಲ್ಲದಾದರೆ ನಾಲ್ಕು. ಸಹಜ ಬಲವಿದ್ದರೆ ಐದು.

ಯಾವ ಉಪಕರಣವೂ ಬೇಡದ ಈ ಕ್ರಮವನ್ನು ಹಳ್ಳಿಯ ಆಸ್ಪತ್ರೆಯಲ್ಲಿಯೂ ಅನುಸರಿಸಬಹುದು. ಆದರೆ ಇದರ ಮೆಟ್ಟಿಲುಗಳು ಸಮಾನ ಎತ್ತರದವಲ್ಲ. ಮೂರರ ತನಕದ ಅಂಕಗಳು ಬಲದ ಕಿರಿದಾದ ಕೆಳಭಾಗವನ್ನು ಮಾತ್ರ ವ್ಯಾಪಿಸುತ್ತವೆ. ನಾಲ್ಕೆಂಬ ಒಂದೇ ಅಂಕ ಉಳಿದ ವಿಸ್ತಾರದ ಬಹುಪಾಲನ್ನು ಆವರಿಸುತ್ತದೆ. ಒಬ್ಬ ರೋಗಿಯ ಬಲ ಅರ್ಧಕ್ಕೆ ಇಳಿದರೂ ಕಡತದಲ್ಲಿ ಅಂಕ ನಾಲ್ಕಾಗಿಯೇ ಉಳಿಯಬಹುದು. ನಿಧಾನವಾಗಿ ಮುಂದುವರಿಯುವ ರೋಗಕ್ಕೆ ಇಂಥ ಅಳತೆಗೋಲು ಸಾಲದು.

ಉಪಕರಣದಿಂದ ಬಲಮಾಪನ

ಈ ಕೊರತೆಯನ್ನು ನೀಗಲು ಬಲಮಾಪಕ ಉಪಕರಣಗಳು ಬಳಕೆಗೆ ಬಂದವು. ಅಂಗೈಯಲ್ಲಿ ಹಿಡಿಯಬಲ್ಲ ಡೈನಮೋಮೀಟರನ್ನು ರೋಗಿಯ ಕಾಲು ಅಥವಾ ತೋಳಿನ ನಿಗದಿತ ಸ್ಥಾನಕ್ಕೆ ಒತ್ತಿ ಹಿಡಿದಾಗ ರೋಗಿ ಪ್ರಯೋಗಿಸಿದ ಬಲ ನ್ಯೂಟನ್ ಅಥವಾ ಕಿಲೋಗ್ರಾಂ ಮಾನದಲ್ಲಿ ದೊರೆಯುತ್ತದೆ. ಕೈಹಿಡಿತದ ಬಲಕ್ಕೆ ಪ್ರತ್ಯೇಕ ಉಪಕರಣವಿದೆ. ಹೀಗೆ ಪಡೆದ ಸಂಖ್ಯೆಯನ್ನು ಅದೇ ವಯಸ್ಸು, ಲಿಂಗ ಮತ್ತು ಎತ್ತರದ ಆರೋಗ್ಯವಂತರಲ್ಲಿ ನಿರೀಕ್ಷಿಸಬಹುದಾದ ಬಲದೊಡನೆ ಹೋಲಿಸಿ ಶೇಕಡಾವಾರು ಸೂಚಿಸುವುದು ರೂಢಿ.

ಸಂಖ್ಯೆ ದೊರೆತ ಮಾತ್ರಕ್ಕೆ ಅಳತೆ ನಿಖರವಾಗುವುದಿಲ್ಲ. ಉಪಕರಣವನ್ನು ಕೀಲಿನಿಂದ ಎಷ್ಟು ದೂರದಲ್ಲಿ ಇಡಲಾಗಿದೆ ಎಂಬುದರ ಮೇಲೆ ಓದಿಕೆ ಬದಲಾಗುತ್ತದೆ. ಮಂಡಿಯಿಂದ 30 ಸೆಂಟಿಮೀಟರ್ ಕೆಳಗೆ 100 ನ್ಯೂಟನ್ ತೋರಿಸಿದ ಕಾಲು 20 ಸೆಂಟಿಮೀಟರ್ ದೂರದಲ್ಲಿ 150 ನ್ಯೂಟನ್ ತೋರಿಸುತ್ತದೆ. ಇಲ್ಲಿ ಸ್ನಾಯುವಿನ ಬಲ ಬದಲಾಗಿಲ್ಲ. ಸನ್ನೆಯ ಉದ್ದ ಬದಲಾಗಿದೆಯಷ್ಟೆ. ರೋಗಿಯ ದಣಿವು, ನೋವು, ಉತ್ಸಾಹ, ಪರೀಕ್ಷಕನ ಪ್ರೋತ್ಸಾಹದ ಮಾತು, ಎರಡನೆಯ ಸಲ ಬಂದಾಗ ಸಹಜವಾಗಿ ಉಂಟಾಗುವ ರೂಢಿ, ಇವೆಲ್ಲವೂ ಫಲಿತಾಂಶದಲ್ಲಿ ಬೆರೆಯುತ್ತವೆ. ಆದುದರಿಂದ ಒಂದೇ ಭಂಗಿ, ಒಂದೇ ಸ್ಥಾನ, ಸಾಧ್ಯವಾದಷ್ಟು ಒಬ್ಬನೇ ಪರೀಕ್ಷಕ, ಪ್ರತಿ ಸ್ನಾಯುವಿಗೂ ವಿರಾಮ ಸಹಿತವಾದ ಹಲವು ಪ್ರಯತ್ನಗಳು ಎಂಬ ನಿಯಮಗಳನ್ನು ಪಾಲಿಸಲಾಗುತ್ತದೆ.

ಜಿ.ಎನ್.ಇ. ರೋಗದಲ್ಲಿ ಮತ್ತೊಂದು ತೊಡಕಿದೆ. ಉಳಿದುಕೊಂಡ ಕ್ವಾಡ್ರಿಸೆಪ್ಸ್ ಅತ್ಯಂತ ಬಲಶಾಲಿಯಾದ ಸ್ನಾಯು. ಅದರ ಎದುರು ಪರೀಕ್ಷಕನ ಕೈಯೇ ಹಿಂದೆ ಸರಿಯಬಹುದು; ಆಗ ಉಪಕರಣ ದಾಖಲಿಸುವುದು ರೋಗಿಯ ಬಲವನ್ನಲ್ಲ, ಪರೀಕ್ಷಕನ ಬಲವನ್ನು. ಇಂಥ ಸ್ನಾಯುಗಳಿಗೆ ಉಪಕರಣವನ್ನು ಚೌಕಟ್ಟಿಗೆ ಬಿಗಿದು ಅಳೆಯುವುದು ಉತ್ತಮ. ಇತ್ತ ಪಾದವನ್ನೆತ್ತುವ ಸ್ನಾಯು ಆಗಲೇ ಪೂರ್ಣವಾಗಿ ಸೋತಿದ್ದರೆ ಅಲ್ಲಿ ಓದಿಕೆ ಸೊನ್ನೆ. ಸೊನ್ನೆಗಿಂತ ಕೆಳಗೆ ಇಳಿಯುವುದು ಸಾಧ್ಯವಿಲ್ಲವಾದ್ದರಿಂದ ಆ ಸ್ನಾಯುವಿನಿಂದ ರೋಗದ ಮುನ್ನಡೆಯ ಕುರಿತು ಹೊಸದೇನೂ ತಿಳಿಯದು.

ಸ್ನಾಯುಚಿತ್ರಣದ ತತ್ತ್ವ

ನಶಿಸಿದ ಸ್ನಾಯುತಂತುಗಳ ಜಾಗವನ್ನು ಕ್ರಮೇಣ ಕೊಬ್ಬು ಮತ್ತು ನಾರುಅಂಗಾಂಶ ತುಂಬುತ್ತವೆ. ಹೊರಗಿನಿಂದ ನೋಡಿದಾಗ ಕಾಲಿನ ಗಾತ್ರ ಅಷ್ಟಾಗಿ ಕುಗ್ಗಿರುವುದಿಲ್ಲ. ಒಳಗಿನ ವಸ್ತು ಮಾತ್ರ ಬೇರೆಯಾಗಿರುತ್ತದೆ. ಈ ಬದಲಾವಣೆಯನ್ನು ಕಾಣಿಸುವುದೇ ಚಿತ್ರಣದ ಕೆಲಸ.

ಎಂ.ಆರ್.ಐ. ಎಂದು ಪ್ರಸಿದ್ಧವಾದ ಕಾಂತೀಯ ಅನುರಣನ ಚಿತ್ರಣ ಇದಕ್ಕೆ ಅತ್ಯಂತ ಸೂಕ್ತವಾದ ವಿಧಾನ. ಪ್ರಬಲ ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ ಪರಮಾಣುಗಳ ಬೀಜಗಳು ರೇಡಿಯೋ ತರಂಗಗಳಿಗೆ ತೋರುವ ಪ್ರತಿಕ್ರಿಯೆಯಿಂದ ಇಲ್ಲಿ ಚಿತ್ರ ಮೂಡುತ್ತದೆ. ಕ್ಷ-ಕಿರಣದ ಬಳಕೆ ಇಲ್ಲದಿರುವುದರಿಂದ ಪುನಃ ಪುನಃ ಪರೀಕ್ಷಿಸಲು ಅಡ್ಡಿಯಿಲ್ಲ. ಟಿ-1 ಎಂಬ ಬಗೆಯ ಚಿತ್ರದಲ್ಲಿ ಆರೋಗ್ಯವಂತ ಸ್ನಾಯು ಬೂದು ಬಣ್ಣದಲ್ಲಿಯೂ ಕೊಬ್ಬು ಬಿಳಿಯಾಗಿಯೂ ಕಾಣುತ್ತವೆ. ಕೊಬ್ಬಿನ ಸಂಕೇತವನ್ನು ಅಡಗಿಸಿ ತೆಗೆದ ಇನ್ನೊಂದು ಬಗೆಯ ಚಿತ್ರದಲ್ಲಿ ನೀರು ತುಂಬಿ ಊದಿದ ಸ್ನಾಯುಭಾಗ ಬೆಳ್ಳಗೆ ತೋರುತ್ತದೆ. ಮೊದಲನೆಯದು ಆಗಿಹೋದ ಹಾನಿಯನ್ನು ಹೇಳಿದರೆ, ಎರಡನೆಯದು ಈಗ ನಡೆಯುತ್ತಿರುವ ಪ್ರಕ್ರಿಯೆಯ ಸುಳಿವನ್ನು ನೀಡುತ್ತದೆ.

ಕಣ್ಣಂದಾಜಿನಿಂದ ಬಿಳುಪನ್ನು ನಾಲ್ಕೈದು ಹಂತಗಳಾಗಿ ವಿಂಗಡಿಸುವುದು ಹಿಂದಿನಿಂದ ಬಂದ ಕ್ರಮ. ಇದಕ್ಕಿಂತ ನಿಖರವಾದ ಕ್ರಮಕ್ಕೆ 1984ರಲ್ಲಿ ಡಿಕ್ಸನ್ ಎಂಬ ವಿಜ್ಞಾನಿ ಸೂಚಿಸಿದ ಉಪಾಯವೇ ತಳಹದಿ. ನೀರಿನಲ್ಲಿರುವ ಹೈಡ್ರೋಜನ್ ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ತುಸು ಬೇರೆಯಾದ ಆವರ್ತನದಲ್ಲಿ ಅನುರಣಿಸುತ್ತವೆ. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಈ ಅಂತರ ಸುಮಾರು 220 ಹರ್ಟ್ಸ್. ಆದುದರಿಂದ ಸುಮಾರು 2.3 ಮಿಲಿಸೆಕೆಂಡಿಗೆ ಎರಡರ ಸಂಕೇತಗಳು ಪರಸ್ಪರ ವಿರುದ್ಧವಾಗಿ, 4.6 ಮಿಲಿಸೆಕೆಂಡಿಗೆ ಮತ್ತೆ ಒಂದೇ ದಿಕ್ಕಿನಲ್ಲಿ ನಿಲ್ಲುತ್ತವೆ. ಈ ಎರಡು ಗಳಿಗೆಗಳಲ್ಲಿ ಪಡೆದ ಸಂಕೇತಗಳನ್ನು ಕೂಡಿದರೆ ನೀರಿನ ಚಿತ್ರ, ಕಳೆದರೆ ಕೊಬ್ಬಿನ ಚಿತ್ರ ದೊರೆಯುತ್ತದೆ. ಅವುಗಳಿಂದ ಪ್ರತಿ ಸ್ನಾಯುವಿನಲ್ಲಿ ನೂರಕ್ಕೆ ಎಷ್ಟು ಪಾಲು ಕೊಬ್ಬು ಎಂಬುದನ್ನು ಲೆಕ್ಕಹಾಕಬಹುದು. ಕಣ್ಣಿಗೆ ಒಂದೇ ಹಂತದಲ್ಲಿರುವಂತೆ ತೋರುವ ಎರಡು ಚಿತ್ರಗಳ ನಡುವಿನ ವ್ಯತ್ಯಾಸವನ್ನೂ ಈ ಲೆಕ್ಕ ಹೊರತರುತ್ತದೆ.

ಎಂ.ಆರ್.ಐ. ಸೌಲಭ್ಯವಿಲ್ಲದ ಕಡೆ ಶ್ರವಣಾತೀತ ಧ್ವನಿಯ ಚಿತ್ರಣ ನೆರವಾಗುತ್ತದೆ. 1980ರ ದಶಕದ ಆರಂಭದಲ್ಲಿಯೇ ಲಂಡನ್ನಿನ ಹೆಕ್‌ಮ್ಯಾಟ್ ಮತ್ತು ಡುಬೋವಿಟ್ಜ್ ಅವರು ರೋಗಗ್ರಸ್ತ ಸ್ನಾಯು ಧ್ವನಿಯನ್ನು ಹೆಚ್ಚಾಗಿ ಪ್ರತಿಫಲಿಸುವುದನ್ನು ತೋರಿಸಿ, ನಾಲ್ಕು ಹಂತಗಳ ಮಾಪಕವನ್ನು ರೂಪಿಸಿದ್ದರು. ಕಡಿಮೆ ವೆಚ್ಚದ ಈ ಪರೀಕ್ಷೆಯನ್ನು ರೋಗಿಯ ಹಾಸಿಗೆಯ ಬಳಿಯಲ್ಲೇ ನಡೆಸಬಹುದು. ಆದರೆ ಆಳದ ಸ್ನಾಯುಗಳು ಇದರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಚಿತ್ರದಲ್ಲಿ ಕಾಣುವ ವಿನ್ಯಾಸ

ಜಿ.ಎನ್.ಇ. ರೋಗಿಯ ತೊಡೆಯ ಅಡ್ಡಸೀಳಿನ ಚಿತ್ರ ಒಮ್ಮೆ ನೋಡಿದವರಿಗೆ ಮರೆಯುವಂಥದಲ್ಲ. ಹಿಂಭಾಗದ ಸ್ನಾಯುಗಳು ಬಿಳಿಯಾಗಿ ಕೊಬ್ಬಿನಲ್ಲಿ ಕರಗಿಹೋಗಿರುತ್ತವೆ. ಮುಂಭಾಗದಲ್ಲಿ ಕ್ವಾಡ್ರಿಸೆಪ್ಸ್ ಮಾತ್ರ ಬೂದು ಬಣ್ಣದ ದ್ವೀಪದಂತೆ ನಿಂತಿರುತ್ತದೆ. ಅದರಲ್ಲಿಯೂ ಹೊರಮಗ್ಗುಲಿನ ಭಾಗ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ತೊಡೆಯ ಹಿಂಭಾಗದ ಬೈಸೆಪ್ಸ್ ಫೆಮೋರಿಸ್ ಸ್ನಾಯುವಿನ ಕಿರಿಯ ತಲೆ ಬಹಳ ಬೇಗ, ಕೆಲವೊಮ್ಮೆ ರೋಗಿಗೆ ಅಲ್ಲಿ ದೌರ್ಬಲ್ಯದ ಅರಿವಾಗುವ ಮೊದಲೇ, ಬದಲಾಗಿರುತ್ತದೆ.

ಈ ವಿನ್ಯಾಸದಿಂದ ಮೂರು ಪ್ರಯೋಜನಗಳಿವೆ. ಮೊದಲನೆಯದಾಗಿ, ಜೋತುಬಿದ್ದ ಪಾದದ ಕಾರಣ ಬೆನ್ನಿನಲ್ಲಿಲ್ಲ, ಸ್ನಾಯುವಿನಲ್ಲಿಯೇ ಇದೆ ಎಂಬ ಅನುಮಾನಕ್ಕೆ ಅದು ಆಧಾರ ಒದಗಿಸುತ್ತದೆ; ಅನಗತ್ಯ ಶಸ್ತ್ರಚಿಕಿತ್ಸೆಯನ್ನು ತಪ್ಪಿಸಲು ನೆರವಾಗುತ್ತದೆ. ಎರಡನೆಯದಾಗಿ, ಅಂಗಾಂಶ ಪರೀಕ್ಷೆಗೆ ಯಾವ ಸ್ನಾಯುವಿನ ತುಣುಕು ತೆಗೆಯಬೇಕೆಂಬುದನ್ನು ಸೂಚಿಸುತ್ತದೆ. ಸುಲಭವಾಗಿ ಕೈಗೆ ಸಿಗುವ ಕ್ವಾಡ್ರಿಸೆಪ್ಸ್‌ನಿಂದ ತುಣುಕು ತೆಗೆದರೆ ರೋಗದ ಕುರುಹೇ ಸಿಗದಿರಬಹುದು. ಪೂರ್ಣ ಕೊಬ್ಬಾದ ಸ್ನಾಯುವಿನಿಂದ ತೆಗೆದರೆ ಪರೀಕ್ಷಿಸಲು ತಂತುಗಳೇ ಉಳಿದಿರುವುದಿಲ್ಲ. ಮಧ್ಯಮ ಹಾನಿಯುಳ್ಳ ಸ್ನಾಯುವನ್ನು ಚಿತ್ರವೇ ತೋರಿಸಿಕೊಡುತ್ತದೆ. ಮೂರನೆಯದಾಗಿ, ಯಾವ ವಂಶವಾಹಿಯನ್ನು ಮೊದಲು ಪರೀಕ್ಷಿಸಬೇಕೆಂಬುದಕ್ಕೆ ದಿಕ್ಕು ದೊರೆಯುತ್ತದೆ. ಅಂತಿಮ ನಿರ್ಣಯ ವಂಶವಾಹಿ ಪರೀಕ್ಷೆಯದೇ ಆದರೂ, ಅಲ್ಲಿ ಅರ್ಥ ಸ್ಪಷ್ಟವಾಗದ ಬದಲಾವಣೆ ಕಂಡುಬಂದಾಗ ಚಿತ್ರದ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ ಬರುತ್ತದೆ.

ಚಿತ್ರ ಮತ್ತು ಬಲ: ಸಂಬಂಧ ಹಾಗೂ ಅಂತರ

ಸ್ನಾಯುವಿನಲ್ಲಿ ಕೊಬ್ಬಿನ ಪಾಲು ಹೆಚ್ಚಿದಂತೆ ಅದರ ಬಲ ಕುಗ್ಗುವುದು ಸಹಜ. ಒಂದು ಸರಳ ಲೆಕ್ಕದಿಂದ ಇದನ್ನು ವಿವರಿಸಬಹುದು. ಒಂದು ಸ್ನಾಯುವಿನ ಅಡ್ಡಸೀಳಿನ ವಿಸ್ತೀರ್ಣ 50 ಚದರ ಸೆಂಟಿಮೀಟರ್ ಇದ್ದು, ಅದರಲ್ಲಿ ನೂರಕ್ಕೆ 40 ಪಾಲು ಕೊಬ್ಬಾಗಿದ್ದರೆ, ಸಂಕೋಚಿಸಬಲ್ಲ ಭಾಗ 30 ಚದರ ಸೆಂಟಿಮೀಟರ್ ಮಾತ್ರ. ಅಳೆದ ಬಲವನ್ನು ಈ ಉಳಿದ ವಿಸ್ತೀರ್ಣದಿಂದ ಭಾಗಿಸಿದರೆ, ಉಳಿದ ಸ್ನಾಯು ಎಷ್ಟು ಸಮರ್ಥವಾಗಿದೆ ಎಂಬುದು ತಿಳಿಯುತ್ತದೆ. ಆ ಸಾಮರ್ಥ್ಯ ಸಹಜವಾಗಿದ್ದರೆ, ಬಲ ಕುಂದಲು ಸ್ನಾಯು ಕಡಿಮೆಯಾಗಿರುವುದೇ ಕಾರಣ. ಅದು ತೀರ ಕಡಿಮೆಯಿದ್ದರೆ, ಉಳಿದಂತೆ ತೋರುವ ಸ್ನಾಯುವೂ ರೋಗಕ್ಕೆ ತುತ್ತಾಗಿರಬಹುದು, ಅಥವಾ ನೋವು, ನಿರುಪಯೋಗ, ಅಪೂರ್ಣ ಪ್ರಯತ್ನಗಳು ಕಾರಣವಾಗಿರಬಹುದು. ಈ ತೀರ್ಮಾನವನ್ನು ಚಿತ್ರವೊಂದರಿಂದಾಗಲಿ ಬಲವೊಂದರಿಂದಾಗಲಿ ತಲುಪಲಾಗದು, ಎರಡೂ ಜೊತೆಗೂಡಬೇಕು.

ಕಾಲದ ಅಂತರವೂ ಮುಖ್ಯ. ಇನ್ನೊಂದು ಅನುವಂಶೀಯ ಸ್ನಾಯುರೋಗವಾದ ಅಂಗಪಟ್ಟಿ ಸ್ನಾಯುಕ್ಷಯದ ಒಂದು ಪ್ರಭೇದವನ್ನು ಕುರಿತು ಯೂರೋಪಿನ ಹಲವು ಕೇಂದ್ರಗಳು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ಅವಧಿಯಲ್ಲಿ ಹಲವು ಸ್ನಾಯುಗಳ ಕೊಬ್ಬಿನ ಪಾಲು ಏರಿರುವುದನ್ನು ಎಂ.ಆರ್.ಐ. ತೋರಿಸಿತು; ಅದೇ ಅವಧಿಯಲ್ಲಿ ಬಲಪರೀಕ್ಷೆಗಳು ಅಂಥ ಇಳಿಕೆಯನ್ನು ಗುರುತಿಸಲಿಲ್ಲ. ಹಾನಿ ಮೊದಲು ಚಿತ್ರದಲ್ಲಿ, ಆಮೇಲೆ ಬಲದಲ್ಲಿ ಗೋಚರವಾಗುತ್ತದೆ ಎಂಬ ಗ್ರಹಿಕೆಗೆ ಇದು ಪುಷ್ಟಿ ನೀಡಿತು.

ಹಾಗೆಂದ ಮಾತ್ರಕ್ಕೆ ಬಲಮಾಪನ ಅನಾವಶ್ಯಕವಲ್ಲ. ರೋಗಿಗೆ ಬೇಕಾದುದು ಕೊಬ್ಬಿನ ಶೇಕಡಾವಾರು ಅಲ್ಲ. ನೆಲದಿಂದ ಎದ್ದು ನಿಲ್ಲುವುದು, ಬಿಂದಿಗೆ ಎತ್ತುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು. ಎರಡು ಸ್ನಾಯುಗಳಲ್ಲಿ ಸಮನಾದ ಕೊಬ್ಬಿದ್ದರೂ ನಿತ್ಯಜೀವನದಲ್ಲಿ ಅವುಗಳ ಮಹತ್ತ್ವ ಸಮನಲ್ಲ. ಜಿ.ಎನ್.ಇ. ರೋಗಿ ತೊಡೆಯ ಹಿಂಭಾಗದ ಸ್ನಾಯುಗಳನ್ನು ಬಹುಮಟ್ಟಿಗೆ ಕಳೆದುಕೊಂಡ ಮೇಲೂ ಉಳಿದ ಕ್ವಾಡ್ರಿಸೆಪ್ಸ್‌ನ ಆಸರೆಯಿಂದ ಮಂಡಿಯನ್ನು ನೆಟ್ಟಗೆ ಹಿಡಿದು ನಿಲ್ಲಬಲ್ಲ, ನಡೆಯಬಲ್ಲ. ಚಿತ್ರವನ್ನಷ್ಟೆ ನೋಡಿದ ವೈದ್ಯನಿಗೆ ಆ ನಡಿಗೆ ಅಚ್ಚರಿ ತರಬಹುದು. ನಡಿಗೆಯನ್ನಷ್ಟೆ ನೋಡಿದವನಿಗೆ ಒಳಗಿನ ಹಾನಿಯ ಪ್ರಮಾಣ ತಿಳಿಯದು.

ಔಷಧ ಪ್ರಯೋಗಗಳ ಪಾಠ

ಅಳತೆಯ ಪ್ರಶ್ನೆ ಕೇವಲ ಶಾಸ್ತ್ರೀಯ ಚರ್ಚೆಯಲ್ಲ ಎಂಬುದನ್ನು ಈ ರೋಗದ ಔಷಧ ಪ್ರಯೋಗಗಳು ತೋರಿಸಿಕೊಟ್ಟಿವೆ. ದೇಹದಲ್ಲಿ ಸಿಯಾಲಿಕ್ ಆಮ್ಲದ ಕೊರತೆ ಇರುವುದಾದರೆ ಅದನ್ನು ಗುಳಿಗೆಯ ರೂಪದಲ್ಲಿ ಕೊಟ್ಟು ರೋಗದ ವೇಗವನ್ನು ತಗ್ಗಿಸಬಹುದೆಂಬುದು ಸಂಶೋಧಕರ ಆಲೋಚನೆಯಾಗಿತ್ತು. ನಿಧಾನವಾಗಿ ಕರಗುವ ಗುಳಿಗೆಯೊಂದನ್ನು 47 ಜನರ ಮೇಲೆ ಪ್ರಯೋಗಿಸಿದಾಗ ಕೈಗಳ ಬಲದಲ್ಲಿ ಆಶಾದಾಯಕ ಸೂಚನೆ ಕಂಡಿತು. ಅನಂತರ 89 ವಯಸ್ಕ ರೋಗಿಗಳನ್ನೊಳಗೊಂಡ, 48 ವಾರಗಳ, ಹಲವು ರಾಷ್ಟ್ರಗಳ ಪ್ರಯೋಗ ನಡೆಯಿತು. ಕೈಹಿಡಿತ, ಮೊಣಕೈ ಮತ್ತು ಭುಜಗಳ ಬಲವನ್ನು ಉಪಕರಣದಿಂದ ಅಳೆದು ಕೂಡಿಸಿದ ಮೊತ್ತವೇ ಅದರ ಮುಖ್ಯ ಮಾನದಂಡ. 2017ರಲ್ಲಿ ಹೊರಬಿದ್ದ ಫಲಿತಾಂಶದಂತೆ ಔಷಧ ಪಡೆದವರಿಗೂ ಹುಸಿಗುಳಿಗೆ ಪಡೆದವರಿಗೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆ ಔಷಧದ ಅಭಿವೃದ್ಧಿ ಅಲ್ಲಿಗೆ ನಿಂತಿತು.

ಜಪಾನಿನಲ್ಲಿ ಮಾತ್ರ ಪ್ರಯತ್ನ ಮುಂದುವರಿಯಿತು. ಅಲ್ಪಸಂಖ್ಯೆಯ ರೋಗಿಗಳಲ್ಲಿ, ಕೈಗಳ ಬಲವನ್ನೇ ಮುಖ್ಯ ಮಾನದಂಡವಾಗಿಟ್ಟುಕೊಂಡು ನಡೆಸಿದ ಅಧ್ಯಯನಗಳ ಆಧಾರದ ಮೇಲೆ ಅಲ್ಲಿನ ಸರಕಾರ 2024ರ ಮಾರ್ಚ್ ತಿಂಗಳಲ್ಲಿ ಈ ಔಷಧಕ್ಕೆ ಅನುಮೋದನೆ ನೀಡಿತು. ಒಂದೇ ವಸ್ತು, ಒಂದೇ ಬಗೆಯ ಅಳತೆ. ಆದರೆ ಎರಡು ಬೇರೆಬೇರೆ ತೀರ್ಮಾನಗಳು. ಇದರಲ್ಲಿ ಯಾವುದು ಸರಿ ಎಂಬುದಕ್ಕಿಂತ, ಹೀಗಾಗುವುದು ಏಕೆ ಸಾಧ್ಯವೆಂಬುದು ವಿಚಾರಣೀಯ.

ಕಾರಣವನ್ನು ಅಂಕಗಣಿತದಲ್ಲಿಯೇ ಕಾಣಬಹುದು. ಉದಾಹರಣೆಗಾಗಿ, ಒಂದು ಸ್ನಾಯುಗುಂಪಿನ ಬಲ ವರ್ಷಕ್ಕೆ ನೂರಕ್ಕೆ ಐದರಷ್ಟು ಇಳಿಯುತ್ತದೆ ಎಂದೂ, ಒಬ್ಬನೇ ರೋಗಿಯನ್ನು ಎರಡು ದಿನ ಪರೀಕ್ಷಿಸಿದಾಗ ಓದಿಕೆಯಲ್ಲಿ ನೂರಕ್ಕೆ ಹತ್ತರಷ್ಟು ಏರುಪೇರಾಗಬಹುದೆಂದೂ ಭಾವಿಸಬಹುದು. ಔಷಧವು ಇಳಿಕೆಯನ್ನು ಅರ್ಧಕ್ಕೆ ತಗ್ಗಿಸಿದರೂ ವರ್ಷದ ಕೊನೆಗೆ ಎರಡು ಗುಂಪುಗಳ ಅಂತರ ನೂರಕ್ಕೆ ಎರಡೂವರೆ ಮಾತ್ರ. ಹತ್ತರ ಏರುಪೇರಿನೊಳಗೆ ಎರಡೂವರೆಯನ್ನು ಗುರುತಿಸಲು ಬಹಳ ಮಂದಿ ರೋಗಿಗಳು ಬೇಕು, ಇಲ್ಲವೆ ಬಹಳ ವರ್ಷಗಳು ಬೇಕು. ವಿರಳ ರೋಗದಲ್ಲಿ ರೋಗಿಗಳ ಸಂಖ್ಯೆಯೇ ಕಡಿಮೆ. ಕಾಯುವ ಪ್ರತಿ ವರ್ಷವೂ ಅವರ ಪಾಲಿಗೆ ಸ್ನಾಯುವಿನ ನಷ್ಟ. ಒರಟು ಅಳತೆಗೋಲು ಉಪಯುಕ್ತ ಔಷಧವನ್ನು ನಿರುಪಯುಕ್ತವೆಂದು ತಳ್ಳಿಹಾಕಬಹುದು; ನಿರುಪಯುಕ್ತ ಔಷಧದ ಮೇಲೆ ಭರವಸೆಯನ್ನೂ ಹುಟ್ಟಿಸಬಹುದು. ಕೊಬ್ಬಿನ ಪಾಲಿನ ಚಿತ್ರಣವನ್ನು ಪ್ರಯೋಗಗಳಲ್ಲಿ ಬಲಮಾಪನದ ಜೊತೆಗೆ ಸೇರಿಸಿಕೊಳ್ಳಬೇಕೆಂಬ ಅಭಿಪ್ರಾಯ ಬಲಗೊಳ್ಳಲು ಇದೇ ಕಾರಣ.

ಇದರಲ್ಲಿಯೂ ವಿವೇಚನೆ ಅಗತ್ಯ. ಪೂರ್ಣ ಕೊಬ್ಬಾದ ಸ್ನಾಯು ಹೇಗೆ ಹೊಸದೇನನ್ನೂ ಹೇಳದೋ, ರೋಗ ಇನ್ನೂ ತಟ್ಟದ ಸ್ನಾಯುವೂ ಒಂದು ವರ್ಷದಲ್ಲಿ ಹೆಚ್ಚೇನೂ ಹೇಳದು. ಸದ್ಯ ಬದಲಾಗುತ್ತಿರುವ, ಮಧ್ಯಮ ಹಾನಿಯ ಸ್ನಾಯುಗಳನ್ನು ಪ್ರತಿ ರೋಗಿಯಲ್ಲಿಯೂ ಆರಿಸಿಕೊಂಡು, ಅದೇ ಸ್ನಾಯುಗಳ ಬಲವನ್ನೂ ಅಳೆಯುವುದು ಹೆಚ್ಚು ಫಲಪ್ರದ.

ಉಪಸಂಹಾರ

ಜಿ.ಎನ್.ಇ. ಸ್ನಾಯುರೋಗಕ್ಕೆ ಎಲ್ಲೆಡೆ ಒಪ್ಪಿತವಾದ ಪೂರ್ಣ ಪರಿಹಾರ ದೊರೆತಿಲ್ಲ. ಆದರೂ ಕ್ರಮಬದ್ಧವಾದ ಅಳತೆಯಿಂದ ಇಂದೇ ಆಗಬಹುದಾದ ಕೆಲಸಗಳಿವೆ. ಜೋತುಬೀಳುವ ಪಾದಕ್ಕೆ ಸಕಾಲದಲ್ಲಿ ಆಧಾರಪಟ್ಟಿ ಒದಗಿಸಬಹುದು. ಉಳಿದ ಸ್ನಾಯುಗಳಿಗೆ ಮಿತವಾದ ವ್ಯಾಯಾಮವನ್ನು ಸೂಚಿಸಬಹುದು. ಉದ್ಯೋಗ ಮತ್ತು ಮನೆಯ ವ್ಯವಸ್ಥೆಯಲ್ಲಿ ಮುಂದೆ ಬೇಕಾಗುವ ಮಾರ್ಪಾಡುಗಳನ್ನು ಮೊದಲೇ ಯೋಜಿಸಬಹುದು. ಕುಟುಂಬದ ಇತರರಿಗೆ ವಂಶವಾಹಿ ಸಮಾಲೋಚನೆ ನೀಡಬಹುದು. ಇದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯ ಭೌತಚಿಕಿತ್ಸಕನು ಒಂದೇ ವಿಧಾನದಿಂದ, ವರ್ಷಕ್ಕೊಮ್ಮೆ ತಪ್ಪದೆ ಅಳೆದು ಬರೆದಿಟ್ಟ ಬಲದ ದಾಖಲೆ, ಮಹಾನಗರದಲ್ಲಿ ಒಮ್ಮೆ ತೆಗೆಸಿದ ಎಂ.ಆರ್.ಐ. ಚಿತ್ರದ ಪಕ್ಕದಲ್ಲಿ ಕುಳಿತಾಗ ಎರಡಕ್ಕೂ ಅರ್ಥ ಬರುತ್ತದೆ. ಮುಂದೊಂದು ದಿನ ಹೊಸ ಔಷಧದ ಪ್ರಯೋಗ ಆರಂಭವಾದರೆ, ಅಂಥ ದಾಖಲೆಯುಳ್ಳ ರೋಗಿಯ ವಿಷಯದಲ್ಲಿ ಔಷಧಕ್ಕೆ ಮೊದಲಿನ ವೇಗ ಎಷ್ಟಿತ್ತು, ಅನಂತರ ಎಷ್ಟಾಯಿತು ಎಂದು ಹೋಲಿಸುವುದು ಸಾಧ್ಯವಾಗುತ್ತದೆ. ದಾಖಲೆಯಿಲ್ಲದವನ ವಿಷಯದಲ್ಲಿ ಆ ಹೋಲಿಕೆಗೆ ಅವಕಾಶವೇ ಇರುವುದಿಲ್ಲ.